ಯಾರ ಹರಕೆ, ಯಾರ ತಲೆ

ಬೆಟ್ಟದಪುರದ ನೀಲಕಂಠಸ್ವಾಮಿಯ ಮನೆಯಲ್ಲಿ ಹೊಗೆಸೊಪ್ಪಿನ ಜಗಳ ಇತ್ಯರ್ಥವಾಗಿ ಎರಡು ವರ್ಷವಾಗಿತ್ತು. ಮಗ ಗೌರೀಶ್ ಸೈನ್ಯದಲ್ಲಿ ಹದಿನೇಳು ವರ್ಷ ಲಾರಿ ಓಡಿಸಿ, ಪಂಜಾಬಿನ ಹುಡುಗಿಯನ್ನು ಮದುವೆಯಾಗಿ, ನಿವೃತ್ತನಾಗಿ ಹೆಂಡತಿ ಮತ್ತು ಮಗಳು ಚಿನ್ನುವಿನೊಂದಿಗೆ ಊರಿಗೆ ಬಂದ. ಸೊಸೆ ಸಿಮ್ರತ್ ಕೌರ್ ಬಂದ ಮೂರನೇ ದಿನವೇ ಹೇಳಿದಳು: ಸಿಖ್ಖರು ಹೊಗೆಸೊಪ್ಪು ಮುಟ್ಟುವುದಿಲ್ಲ, ತಾನೂ ಮುಟ್ಟುವುದಿಲ್ಲ. ಹೊಗೆಸೊಪ್ಪು ಬೆಳೆದೇ ಮಾಳಿಗೆ ಕಟ್ಟಿಸಿದ ಮನೆಗೆ ಎಂಥ ಸೊಸೆ ಸಿಕ್ಕಳಪ್ಪ ಎಂದು ಊರೆಲ್ಲ ನಕ್ಕಿತು. ಅತ್ತೆ ಶಿವನಂಜಮ್ಮ ಒಂದು ವಾರ ಸಿಡಿಮಿಡಿಗುಟ್ಟಿ, ಕೊನೆಗೆ ತಾನೇ ಕೆಲಸ ಹಂಚಿದಳು. ಕೊಟ್ಟಿಗೆ, ಹಾಲು, ಅಡುಗೆ, ರಾಗಿ ಹೊಲ ಸೊಸೆಗೆ. ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಒಣಗಿಸುವ ಮನೆಯಲ್ಲಿ, ಬೇಯಿಸಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವ ಕೆಲಸ ತನಗೆ. ಅಲ್ಲಿಂದೀಚೆಗೆ ಅತ್ತೆ ಸೊಸೆ ಚೆನ್ನಾಗಿಯೇ ಇದ್ದರು. ಸಿಮ್ರತ್ ಕಲಿತ ಕನ್ನಡದಲ್ಲಿ ಮುಕ್ಕಾಲು ಪಾಲು ಶಿವನಂಜಮ್ಮನದೇ.

ಹಾಗಿರುವಾಗ ಕಾರ್ತಿಕದ ಮೊದಲನೇ ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಶಿವನಂಜಮ್ಮ ಅಂದಳು:

"ಮುಂದಿನ ಸೋಮವಾರ ಬುಟ್ಟು ಅದರಾಚೆ ಸೋಮವಾರ ಬೆಟ್ಟಕ್ಕೋಗ್ಬೇಕು. ಚಿನ್ನು ಮುಡಿ ಕೊಡೋದದೆ."

ಮುದ್ದೆ ಬಡಿಸುತ್ತಿದ್ದ ಸಿಮ್ರತ್ ಕೈ ನಿಲ್ಲಿಸಿದಳು. "ಯಾವ ಮುಡಿ ಅತ್ತೆ?"

"ಹರಕೆ ಕಣವ್ವ. ಆಸ್ಪತ್ರೇಲಿ ಹೊತ್ತಿದ್ದೆ."

ಆಷಾಢದಲ್ಲಿ ಐದು ವರ್ಷದ ಚಿನ್ನುವಿಗೆ ಡೆಂಗೀ ಬಂದು ಮೈಸೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿಸಿದ್ದರು. ಆರನೇ ದಿನ ಡಾಕ್ಟರು ಮುಖ ಕೊಟ್ಟು ಮಾತಾಡಲಿಲ್ಲ. ಅವತ್ತು ಒಳಗೆ ಸಿಮ್ರತ್ ಕೈಮುಗಿದು ತನ್ನ ಭಾಷೆಯಲ್ಲಿ ಬೇಡಿಕೊಳ್ಳುತ್ತಿದ್ದಾಗ, ಹೊರಗೆ ವರಾಂಡದಲ್ಲಿ ನಿಂತಿದ್ದ ಶಿವನಂಜಮ್ಮ ಬೆಟ್ಟದ ಮಲ್ಲಿಕಾರ್ಜುನನಿಗೆ ಮಗುವಿನ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಮಗು ಉಳಿಯಿತು. ಇಬ್ಬರಿಗೂ ತಮ್ಮ ಮಾತೇ ನಡೆಯಿತೆಂಬ ನಂಬಿಕೆ.

"ಬೇಡ ಅತ್ತೆ," ಎಂದಳು ಸಿಮ್ರತ್. "ಕೂದಲು ತೆಗೆಸಲ್ಲ."

"ತೆಗ್ಸಕಿಲ್ಲ ಅಂದ್ರೆ? ಎರಡು ತಿಂಗ್ಳಲ್ಲಿ ಬತ್ತದೆ. ಮೊದ್ಲಿಗಿಂತ ದಟ್ಟಾಗೇ ಬತ್ತದೆ."

"ಬರೋದರ ಮಾತಲ್ಲ. ಹುಟ್ಟಿದಾಗಿನ ಕೂದಲಿಗೆ ನಮ್ಮಲ್ಲಿ ಕತ್ತರಿ ಇಡಲ್ಲ. ಹೆಣ್ಣಾದ್ರೂ ಗಂಡಾದ್ರೂ."

"ನಿಮ್ಮಲ್ಲಿ ಇಡದಿದ್ರೆ ಬುಡಿ. ಮಗ ನಮ್ಮಲ್ಲಿ ಹುಟ್ಟದೆ."

"ಅವರನ್ನೇ ಕೇಳಿ." ಸಿಮ್ರತ್ ಗಂಡನ ಕಡೆ ಸೌಟು ತೋರಿಸಿದಳು. "ಮದುವೆಗೆ ಮುಂಚೆ ನಮ್ಮಪ್ಪನ ಮುಂದೆ ಒಪ್ಪಿದ್ರು. ಮಕ್ಕಳ ಕೂದಲು ಮುಟ್ಟಲ್ಲ ಅಂತ."

ಗೌರೀಶ್ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಏನ್ಲಾ, ಒಪ್ಪಿದ್ಯಾ?" ನೀಲಕಂಠಸ್ವಾಮಿ ಕೇಳಿದ.

"ಊಂ."

"ನಮ್ಗೆ ಒಂದು ಮಾತು ಹೇಳಲಿಲ್ಲ."

"ನೀವು ಕೇಳಲಿಲ್ಲ."

ಮದುವೆಯಾದ ಏಳು ವರ್ಷವೂ ಬಾಯಲ್ಲಿ ಕಡುಬು ಇಟ್ಟುಕೊಂಡವನಂತೆ ಕೂತಿದ್ದ ಗಂಡಸು ಕೊಟ್ಟ ಉತ್ತರ ಇದು. ಶಿವನಂಜಮ್ಮ ಎದ್ದು ಕೈ ತೊಳೆದಳು. ಅವಳ ತಟ್ಟೆಯಲ್ಲಿ ಮುದ್ದೆ ಅರ್ಧ ಉಳಿದಿತ್ತು.

ಶಿವನಂಜಮ್ಮ ಜಗಳವಾಡುವ ರೀತಿಯೇ ಬೇರೆ. ಕೂಗುವುದಿಲ್ಲ, ಅಳುವುದಿಲ್ಲ. ಮಾರನೇ ದಿನ ಹಿತ್ತಲಿನ ಸೌದೆ ಒಲೆ ಗುಡಿಸಿ, ಸಣ್ಣ ಪಾತ್ರೆ ಇಟ್ಟು ತನ್ನಷ್ಟಕ್ಕೆ ಅಡುಗೆ ಮಾಡಿಕೊಂಡಳು. ಒಳಗೆ ಗ್ಯಾಸಿನ ಮೇಲೆ ಸೊಸೆಯ ಸಾರು, ಹೊರಗೆ ಸೌದೆಯ ಮೇಲೆ ಅತ್ತೆಯ ಸಾರು. ನೀಲಕಂಠಸ್ವಾಮಿ ಮೊದಲ ದಿನ ಹೊರಗೆ ಉಂಡ, ಮೊಣಕಾಲು ನೋವೆಂದು ಎರಡನೇ ದಿನ ಒಳಗೆ ಉಂಡ. ಹುಣಸೂರಿನಲ್ಲಿ ಬಿ.ಎಡ್. ಓದುತ್ತಿದ್ದ ಗೌರೀಶನ ತಂಗಿ ಚೈತ್ರ ಮಾತ್ರ ಬಸ್ಸಿಳಿದು ಬಂದವಳೇ ಎರಡೂ ಕಡೆ ತಟ್ಟೆ ಹಿಡಿಯುತ್ತಿದ್ದಳು.

"ನಿಂಗೆ ನಾಚ್ಕೆ ಇಲ್ವಾ?" ಶಿವನಂಜಮ್ಮ ಗದರಿದಳು.

"ಹೊಟ್ಟೆ ಹಸೀತಾ ಅದೆ, ನಾಚ್ಕೆ ಆಮೇಲೆ. ಅವ್ವ, ನಿಂದ್ರಲ್ಲಿ ಉಪ್ಪು ಜಾಸ್ತಿ. ಸಿಟ್ಟಲ್ಲಿ ಎರಡು ಸಲ ಹಾಕಿದ್ದೀಯ."

ಗೌರೀಶ್ ಎರಡು ದಿನ ಯೋಚಿಸಿ ಒಂದು ದಾರಿ ಕಂಡುಹಿಡಿದ. ಬೆಳಿಗ್ಗೆ ಸಿಮ್ರತ್ ಹಾಲು ಕರೆಯುವಾಗ ಕೊಟ್ಟಿಗೆಗೆ ಹೋಗಿ ಹಿಂದಿಯಲ್ಲಿ ಶುರುಮಾಡಿದ: ಇಡೀ ಮುಡಿಯ ಬದಲು ಮೂರು ಎಳೆ ಕತ್ತರಿಸಿ ಕೊಟ್ಟರೆ ಸಾಕು. ಗಂಡ ಹೆಂಡತಿ ಜಗಳಕ್ಕೆ ಹಿಂದಿ ಬಳಸುವುದು ರೂಢಿ. ಅತ್ತೆ ಬಾಗಿಲಲ್ಲಿ ಹುಲ್ಲು ಹಿಡಿದು ನಿಂತಿರುವುದು ಕಂಡು ಸಿಮ್ರತ್ ಬೇಕೆಂದೇ ಕನ್ನಡದಲ್ಲಿ ಉತ್ತರಿಸಿದಳು.

"ಮೂರು ಎಳೆನೂ ಇಲ್ಲ."

ಗೌರೀಶನೂ ಕನ್ನಡಕ್ಕೆ ಬರಬೇಕಾಯಿತು. "ಮೂರೇ ಎಳೆ ಕಣೇ. ಅವ್ವಂಗೂ ಸಮಾಧಾನ. ಬಾಚಣಿಗೇಲಿ ಅದಕ್ಕಿಂತ ಜಾಸ್ತಿ ಬತ್ತದೆ."

"ಬಾಚಣಿಗೇಲಿ ಬಂದದ್ದು ತಾನಾಗಿ ಬಂದದ್ದು. ಕತ್ತರಿಸಿದ್ದು ಕತ್ತರಿಸಿದ್ದೇ."

"ಮೂರು ಎಳೆಗೆ ಇಷ್ಟೊಂದು ಹಠವಾ?"

"ಮೂರೇ ಎಳೆ ಅಲ್ವಾ, ಅದಕ್ಕೆ ನಿಮಗ್ಯಾಕೆ ಹಠ?" ಕೆಚ್ಚಲಿನಿಂದ ಕೈ ತೆಗೆಯದೆ ಅವಳು ಬಾಗಿಲ ಕಡೆ ತಿರುಗಿದಳು. "ಅತ್ತೆ, ನಿಮ್ಮ ಕೊರಳಿನ ಕರಡಿಗೆ ಒಂದು ಗಂಟೆ ತೆಗೆದಿಡಿ ಅಂತ ಯಾರಾದ್ರೂ ಅಂದ್ರೆ ತೆಗೀತೀರಾ? ಒಂದೇ ಗಂಟೆ."

ಶಿವನಂಜಮ್ಮನ ಕೈ ತಾನಾಗಿ ಕೊರಳಿಗೆ ಹೋಯಿತು. ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ ಅದು, ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಮೈಬಿಟ್ಟು ಇಳಿದಿಲ್ಲ.

"ನಾಲ್ಗೆ ಬಿಗಿ ಇಡ್ಕೊಂಡು ಮಾತಾಡವ್ವ," ಎಂದು ಹುಲ್ಲನ್ನು ಅಲ್ಲೇ ಹಾಕಿ ಹೋದಳು.

ಎರಡನೇ ಸೋಮವಾರ ಕಳೆಯಿತು. ಮಂಗಳವಾರ ಕೆ.ಆರ್. ನಗರದಿಂದ ನೀಲಕಂಠಸ್ವಾಮಿಯ ಅಕ್ಕ ಸರ್ವಮಂಗಳ ಚೀಲದ ತುಂಬ ತೆಂಗಿನಕಾಯಿ ಹೊರಿಸಿಕೊಂಡು ಬಂದಿಳಿದಳು. ಯಾರು ಫೋನ್ ಮಾಡಿ ಕರೆಸಿದ್ದೆಂದು ನೀಲಕಂಠಸ್ವಾಮಿಯ ಮುಖ ನೋಡಿದರೆ ತಿಳಿಯುತ್ತಿತ್ತು.

ಅವಳ ದುರದೃಷ್ಟಕ್ಕೋ ಅದೃಷ್ಟಕ್ಕೋ ಅವತ್ತೇ ಚಿನ್ನುವಿಗೆ ನೆಗಡಿಯಾಗಿ ಮೈ ಬೆಚ್ಚಗಿತ್ತು.

"ನೋಡ್ದಾ ನಂಜಿ," ಎಂದಳು ಸರ್ವಮಂಗಳ, ಕಾಲು ಚಾಚಿ ಕೂರುತ್ತ. "ಮಲ್ಲಯ್ಯ ನೆಪ್ಪು ಮಾಡ್ತಾವ್ನೆ."

"ನೆಗಡಿ ಕಣತ್ತಿಗೆ. ಶಾಲೇಲಿ ಎಲ್ಲಾ ಮಕ್ಕಳ್ಗೂ ಅದೆ."

"ಆವತ್ತೂ ಜ್ವರ ಅಂತ್ಲೇ ಶುರುವಾಗಿದ್ದು."

ಶಿವನಂಜಮ್ಮ ಗಳಿಗೆಗೊಮ್ಮೆ ಎದ್ದುಹೋಗಿ ಮಗುವಿನ ಹಣೆ ಮುಟ್ಟಿ ನೋಡತೊಡಗಿದಳು. ಹೆದರಿಕೆ ಅವಳಿಗೆ ನಿಜವಾಗಿಯೂ ಇತ್ತು. ವರಾಂಡದ ಆ ಆರನೇ ದಿನವನ್ನು ಅವಳು ಮರೆತಿರಲಿಲ್ಲ. ಕೊಟ್ಟ ಮಾತು ತಪ್ಪಿದವಳೆಂದು ದೇವರು ಮಗುವಿನ ಮೇಲೆ ತೀರಿಸಿಕೊಂಡರೆ ಯಾವ ಸೊಸೆ, ಯಾವ ಗುರು ಬಂದು ಕಾಪಾಡುತ್ತಾರೆ?

ಗುರುವಾರದ ಹೊತ್ತಿಗೆ ಮೈ ತಣ್ಣಗಾಗಿ ಮಗು ಆಡಿಕೊಂಡಿತ್ತು. ಮಧ್ಯಾಹ್ನ ಸಿಮ್ರತ್ ಹುಲ್ಲು ಕುಯ್ಯಲು ಹೊಲಕ್ಕೆ ಹೋದಳು. ಸರ್ವಮಂಗಳ ಹೊಲಿಗೆ ಮೆಷಿನ್ನಿನ ಡಬ್ಬಿಯಿಂದ ಕತ್ತರಿ ತಂದು ಶಿವನಂಜಮ್ಮನ ಮಡಿಲಿಗೆ ಹಾಕಿದಳು.

"ಅವಳು ಬರೋದ್ರೊಳಗೆ ಮೂರು ಎಳೆ ಕತ್ತರ್ಸಿ ಅರಿಶಿನದ ಬಟ್ಟೇಲಿ ಕಟ್ಟಿಡು. ಸೋಮವಾರ ಮಲ್ಲಯ್ಯನ ಹುಂಡೀಗೆ ಹಾಕ್ಬುಡು. ಅವಳ್ಗೆ ಗೊತ್ತೂ ಆಗಕಿಲ್ಲ."

"ಕದ್ದಾ?"

"ನಿನ್ನ ಮೊಮ್ಮಗಳ ಕೂದ್ಲು ತಕ್ಕೊಳ್ಳೋದು ಕಳ್ಳತನವಾ? ನಾಳೆ ಮಗೀಗೆ ಏನಾರಾ ಆದ್ರೆ ನಿನ್ನ ತಲೆ ಮೇಲೆ."

ಶಿವನಂಜಮ್ಮ ಕತ್ತರಿ ತೆಗೆದುಕೊಂಡು ಜಗಲಿಗೆ ಹೋದಳು. ಚಿನ್ನು ಸೊಪ್ಪು ಕಟ್ಟುವ ದಾರದ ತುಂಡುಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಹಿಂದೆ ಕೂತು ಅಜ್ಜಿ ಜಡೆ ಬಿಚ್ಚತೊಡಗಿದಾಗ ಸುಮ್ಮನಿತ್ತು. ಆಮೇಲೆ ತಿರುಗಿ ನೋಡಿ ಕತ್ತರಿ ಕಂಡಿತು. ಅಳಲಿಲ್ಲ, ಓಡಲಿಲ್ಲ. ಎರಡೂ ಕೈಯಿಂದ ಕೂದಲನ್ನು ಎದೆಯ ಮೇಲೆ ಎಳೆದುಕೊಂಡು ಕುತ್ತಿಗೆ ಬಗ್ಗಿಸಿತು.

"ತಲೆ ತಕ್ಕೋ ಅಜ್ಜಿ. ಕೂದ್ಲು ಬ್ಯಾಡ."

"ಏನಂದೆ ಮಗ?"

"ತಾರೂ ಸಿಂಗು ಅಂಗೇ ಅಂದಿದ್ದು. ತಲೆ ತಕ್ಕಳಿ, ಕೂದ್ಲು ಬ್ಯಾಡ ಅಂತ."

ಶಿವನಂಜಮ್ಮನ ಕೈಯಿಂದ ಕತ್ತರಿ ಜಾರಿ ಜಗಲಿಯ ಕಲ್ಲಿನ ಮೇಲೆ ಬಿತ್ತು. ಮಗುವನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

ಹುಲ್ಲಿನ ಹೊರೆಯೊಂದಿಗೆ ಸಿಮ್ರತ್ ಬಂದಾಗ ಕತ್ತರಿ ಇನ್ನೂ ಅಲ್ಲೇ ಇತ್ತು, ಮಗುವಿನ ಕೂದಲು ಬಿಚ್ಚಿತ್ತು. ಅವಳು ಹೊರೆ ಎಸೆದು ಓಡಿಬಂದು ಮಗಳ ತಲೆ ತಡವಿ ನೋಡಿದಳು.

"ಯಾರು ಮಾಡಿದ್ದು?"

"ನಾನು," ಎಂದಳು ಶಿವನಂಜಮ್ಮ. "ಕತ್ತರ್ಸಲಿಲ್ಲ. ಕತ್ತರ್ಸಾಕೋಗಿದ್ದೆ. ಆದ್ರೆ ನೀನು ಮಗೀಗೆ ಕಲ್ಸಿರೋದೇನು? ಐದು ವರ್ಷದ ಕೂಸು ತಲೆ ತಕ್ಕೋ ಅಂತದೆ. ಯಾವನವನು ತಾರೂ ಸಿಂಗು?"

ಸಿಮ್ರತ್ ಮಗಳ ಪಕ್ಕದಲ್ಲಿ ಕೂತಳು.

"ನಮ್ಮಂಗೇ ರೈತ ಅತ್ತೆ. ಹೊಲ ಉಳ್ತಿದ್ದ. ಅವಾಗ ಸಿಖ್ಖರನ್ನ ಕಂಡಲ್ಲಿ ಕೊಲ್ತಿದ್ರು, ಕಾಡಲ್ಲಿ ಅಡಗಿದ್ರು. ಇವನು ಬೆಳೆದದ್ದರಲ್ಲಿ ರೊಟ್ಟಿ ಮಾಡಿ ಅವರಿಗೆ ಕಳಿಸ್ತಿದ್ದ. ಲಾಹೋರಿನ ಸುಬೇದಾರ ಹಿಡಿಸಿದ. ಕೂದಲು ಕೊಡು, ಜೀವ ಉಳಿಸ್ತೀನಿ ಅಂದ. ಇವನು ಕೊಡಲ್ಲ ಅಂದ. ಬುರುಡೆ ಮೇಲಿನ ಚರ್ಮದ ಸಮೇತ ತೆಗೆದ್ರು."

"ಶಿವಶಿವಾ."

"ಅಂಥವರನ್ನೆಲ್ಲ ದಿನಾ ಪ್ರಾರ್ಥನೇಲಿ ನೆನೀತೀವಿ. ಮಗು ಕೇಳಿಸಿಕೊಂಡಿದೆ. ಶಹೀದ್ ಅಂತೀವಿ. ಶಹೀದ್ ಅಂದ್ರೆ ಸತ್ತೋರು ಅಂತಲ್ಲ ಅತ್ತೆ, ಸಾಕ್ಷಿ ಅಂತ. ಕೊನೇ ತನಕ ಬೇಡ ಅಂದು ಬೇಡ ಅಂತಾನೇ ನಿಂತೋರು."

ಸರ್ವಮಂಗಳ ಬಾಗಿಲಿಂದ ಮೂತಿ ತಿರುವಿದಳು. "ನಿಮ್ಮ ಕೂದ್ಲು ದೊಡ್ಡದು, ಬ್ಯಾರೆಯೋರ ದೇವ್ರು ಹರಕೆ ಏನೂ ಅಲ್ಲ, ಅಷ್ಟೇ ತಾನೇ?"

"ಅಂಗಲ್ಲ ದೊಡ್ಡತ್ತೆ. ನಮ್ಮ ಒಂಬತ್ತನೇ ಗುರು ತೇಗ್ ಬಹಾದೂರ್ ಅಂತ. ಇದೇ ತಿಂಗಳು ಅವರ ದಿನ ಬರುತ್ತೆ. ಬಾದಶಹನ ಕಡೆಯೋರು ಕಾಶ್ಮೀರದ ಬ್ರಾಹ್ಮಣರ ತಿಲಕ, ಜನಿವಾರ ತೆಗೆಸ್ತಿದ್ರು. ಅವರು ಗುರು ಹತ್ರ ಬಂದು ಅತ್ತರು. ಅವರಿಗೋಸ್ಕರ ಗುರು ದಿಲ್ಲಿಗೆ ಹೋಗಿ ತಲೆ ಕೊಟ್ರು."

"ಅವರೂ ಜನಿವಾರ ಹಾಕ್ತಿದ್ರಾ?" ಶಿವನಂಜಮ್ಮ ಕೇಳಿದಳು.

"ಇಲ್ಲ. ನಮ್ಮಲ್ಲಿ ಹಾಕಲ್ಲ. ಮೊದಲನೇ ಗುರುನೇ ನಂಗೆ ಬೇಡ ಅಂದಿದ್ರು."

"ತಮಗೇ ಬ್ಯಾಡದ್ದಕ್ಕೆ ಮತ್ಯಾಕೆ ತಲೆ ಕೊಟ್ರು?"

"ಹಾಕೋರಿಗೆ ಬೇಕಾಗಿತ್ತಲ್ಲ ಅತ್ತೆ."

ಶಿವನಂಜಮ್ಮ ಮಗುವಿನ ಕೂದಲನ್ನು ಬೆರಳಿನಿಂದ ಸರಿಮಾಡಿದಳು.

"ಕೊಟ್ಟಿದ್ದು ತಮ್ಮದೇ ತಲೇನಾ?"

"ಮತ್ತೆ? ಬೇರೆಯೋರ ತಲೆ ಕೊಡೋಕೆ ಗುರು ಯಾಕೆ ಬೇಕು?"

ಅವತ್ತು ಸಂಜೆ ಹಿತ್ತಲಿನ ಒಲೆ ಉರಿಯಲಿಲ್ಲ. ಹತ್ತು ದಿನಗಳ ಮೇಲೆ ಶಿವನಂಜಮ್ಮ ಸೊಸೆಯ ಕೈಯಲ್ಲಿ ಬಡಿಸಿಕೊಂಡು ಉಂಡಳು. "ಸಾರು ನೀರಾಗದೆ," ಎಂದಷ್ಟೇ ಹೇಳಿದಳು. ಸಿಮ್ರತ್ ಎರಡನೇ ಸಲ ಸಾರು ಹಾಕಿದಳು, ಶಿವನಂಜಮ್ಮ ಬೇಡವೆನ್ನಲಿಲ್ಲ.

ಶುಕ್ರವಾರ, ಶನಿವಾರ ಅವಳು ಯಾರೊಂದಿಗೂ ಹೆಚ್ಚು ಮಾತಾಡದೆ ಸೊಪ್ಪು ವಿಂಗಡಿಸಿದಳು. ಭಾನುವಾರ ಮಧ್ಯಾಹ್ನ ಎಲ್ಲರೂ ಕೂತಿರುವಾಗ ಬಾಯಿ ಬಿಟ್ಟಳು.

"ನಾಳೆ ಬೆಟ್ಟಕ್ಕೋಯ್ತೀನಿ. ಮುಡಿ ನಾನು ಕೊಡ್ತೀನಿ."

"ಚಿನ್ನುದಾ?" ನೀಲಕಂಠಸ್ವಾಮಿ ಸಮಾಧಾನದಿಂದ ಕೇಳಿದ.

"ನಂದು."

ಚೈತ್ರ ನೀರು ಕುಡಿಯುತ್ತಿದ್ದವಳು ಲೋಟ ಇಳಿಸಿದಳು.

"ಹರಕೆ ಹೊತ್ತೋಳು ನಾನು," ಎಂದಳು ಶಿವನಂಜಮ್ಮ. "ಮಗ ಮಂಚದ ಮೇಲೆ ಬಿದ್ದಿತ್ತು, ಅದನ್ನ ಕೇಳ್ದೆ, ಹೆತ್ತೋಳನ್ನ ಕೇಳ್ದೆ ಅದರ ತಲೆ ದೇವ್ರಿಗೆ ಬರ್ದುಕೊಟ್ಟೆ. ತಪ್ಪು ನಂದು. ಸಾಲದ್ದಕ್ಕೆ ಕದಿಯಾಕೂ ಹೋಗಿದ್ದೆ. ಕೊಡೋದು ಇದ್ರೆ ನನ್ನ ತಲೇಲಿರೋದು ಕೊಡಬೇಕು."

"ಲೇ, ನಾನಿನ್ನೂ ಬದುಕಿವ್ನಿ." ನೀಲಕಂಠಸ್ವಾಮಿ ತಟ್ಟೆ ತಳ್ಳಿದ. "ಮುತ್ತೈದೆ ತಲೆ ಬೋಳಿಸ್ಕೊಂಡು ಬೀದೀಲಿ ಬಂದ್ರೆ ಊರೋರು ನನ್ನ ತಿಥಿ ಯಾವತ್ತು ಅಂತ ಕೇಳ್ತಾರೆ."

"ಕೇಳ್ಲಿ. ಉತ್ತರ ಕೊಡಾಕೆ ನಂಗೆ ಬಾಯಿ ಅದೆ."

"ನನ್ನ ತಮ್ಮಂಗೆ ಏನಾರಾ ಆದ್ರೆ?" ಸರ್ವಮಂಗಳ ಸೆರಗು ಕಣ್ಣಿಗೆ ಒತ್ತಿದಳು.

"ಅವರ ಆಯಸ್ಸು ನನ್ನ ತುರುಬಿಗೆ ನೇತಾಕೊಂಡಿಲ್ಲ ಅತ್ತಿಗೆ. ದಿನಾ ಬೀಡಿ ಸೇದ್ತಾರಲ್ಲ, ಅದಕ್ಕೆ ಅಳಿ."

ನೀಲಕಂಠಸ್ವಾಮಿ ಎದ್ದು ನಿಂತ. "ಈ ಮನೇಲಿ ನಾನಿರೋಗಂಟ ಆಗಾಕಿಲ್ಲ. ಯಾರೂ ಇವಳ ಜೊತೆಗೋಗಂಗಿಲ್ಲ. ಗೌರೀಶ, ಕೇಳಿಸ್ತಾ?"

ಗೌರೀಶ್ ತಲೆ ತಗ್ಗಿಸಿದ. ಅವನ ಹೆಂಡತಿ ಸೌಟನ್ನು ಪಾತ್ರೆಯಲ್ಲಿಟ್ಟು ಮುಂದೆ ಬಂದಳು.

"ನಾನು ಹೋಗ್ತೀನಿ ಮಾವ."

"ನೀನಾ? ಕೂದ್ಲಿಗೆ ಕತ್ತರಿ ಇಡಂಗಿಲ್ಲ ಅಂತ ಹತ್ತು ದಿನ ಮನೇಲಿ ಎರಡು ಒಲೆ ಉರಿಸ್ದೋಳು ನೀನು."

"ಹೂಂ. ನನ್ನ ಕೂದಲಿಗೆ ಇಡಲ್ಲ, ಮಗಳ ಕೂದಲಿಗೆ ಇಡೋಕೆ ಬಿಡಲ್ಲ. ಅತ್ತೆ ತಲೆ ಅತ್ತೇದು, ಅತ್ತೆ ದೇವರು ಅತ್ತೇದು. ಅವರು ಕೊಡ್ತೀನಿ ಅಂದ್ಮೇಲೆ ಬೇಡ ಅನ್ನೋಕೆ ನಾನ್ಯಾರು, ನೀವ್ಯಾರು?"

"ಮಾವನಿಗೆ ಎದುರಾಡ್ತೀಯಾ?"

"ಆಡ್ತೀನಿ. ಅತ್ತೆಗೂ ಆಡಿದ್ದೀನಲ್ಲ."

ಚೈತ್ರ ಮುಖ ತಿರುಗಿಸಿ ನಕ್ಕಳು. ಸರ್ವಮಂಗಳ ಆ ಗಳಿಗೆಯಲ್ಲೇ ಚೀಲ ಹುಡುಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಳು, ತಂದ ತೆಂಗಿನಕಾಯಿ ಮಾತ್ರ ಬಿಟ್ಟುಹೋದಳು. ಅವಳು ಹೋದ ಮೇಲೆ ಗೌರೀಶ್ ಆ ಕಾಯಿಗಳಲ್ಲಿ ಎರಡನ್ನು ಎತ್ತಿಕೊಂಡು ಅಪ್ಪನ ಎದುರಿಗೇ ಸುಲಿಯತೊಡಗಿದ.

"ಏನ್ಲಾ ಅದು?"

"ನಾಳೆ ಬೆಟ್ಟಕ್ಕೆ ಕಾಯಿ ಬೇಡ್ವಾ ಅಪ್ಪ," ಎಂದ ಗೌರೀಶ್. ಏಳು ವರ್ಷಕ್ಕೆ ಅವನ ಬಾಯಿಂದ ಬಂದ ನೆಟ್ಟಗಿನ ಮಾತು ಅದೊಂದೇ.

ಬೆಟ್ಟದ ಬುಡದಲ್ಲಿ ಮುಡಿ ತೆಗೆಯುವ ಅಂಕಯ್ಯ ಅತ್ತೆ ಸೊಸೆಯನ್ನು ನೋಡಿ ಮಗು ಎಲ್ಲಿ ಎಂದು ಕೇಳಿದ. ವಿಷಯ ತಿಳಿದ ಮೇಲೆ ಕತ್ತಿಯನ್ನು ಪೆಟ್ಟಿಗೆಯಲ್ಲಿಟ್ಟುಬಿಟ್ಟ.

"ಸ್ವಾಮ್ಯೋರು ಒಪ್ಪವ್ರಾ ಅವ್ವಾರೇ?"

"ಇಲ್ಲ."

"ಅಂಗಾದ್ರೆ ನನ್ನ ಕೈಲಾಗಾಕಿಲ್ಲ. ನಾಳೆ ಬೈಸ್ಕೊಳ್ಳೋನು ನಾನು."

"ಅಲ್ಲಿ ಕೂತವ್ರಲ್ಲ ನಾಲ್ಕು ಜನ ಗಂಡಸ್ರು," ಶಿವನಂಜಮ್ಮ ಕೈ ತೋರಿಸಿದಳು. "ಅವರ್ಗೆಲ್ಲ ಹೆಂಡ್ತಿ ಒಪ್ಪವ್ಳಾ ಅಂತ ಕೇಳ್ದಾ?"

ಅಂಕಯ್ಯ ಕೆಮ್ಮಿದ. ಆ ಗಂಡಸರಲ್ಲೊಬ್ಬ ನಕ್ಕ. ಅಂಕಯ್ಯ ಕತ್ತಿಯನ್ನು ಮತ್ತೆ ಹೊರತೆಗೆದು, ಚೊಂಬಿನ ನೀರನ್ನು ಹತ್ತಿರಕ್ಕೆ ಎಳೆದುಕೊಂಡ.

ಶಿವನಂಜಮ್ಮ ತುರುಬು ಬಿಚ್ಚಿದಳು. ಕೂದಲು ನರೆತಿದ್ದರೂ ಸೊಂಟದವರೆಗೆ ಇತ್ತು. ಸಿಮ್ರತ್ ಎದುರಿಗೆ ಕೂತು ತನ್ನ ದುಪಟ್ಟಾ ಹರಡಿ ಹಿಡಿದಳು, ಒಂದು ಎಳೆಯೂ ನೆಲಕ್ಕೆ ಬೀಳದಂತೆ. ಒಂದೊಂದು ಹಿಡಿ ಬಂದು ಬಿದ್ದಾಗಲೂ ಅವಳ ಕಣ್ಣು ತುಂಬುತ್ತಿತ್ತು.

"ಅಳ್ತೀಯೇನವ್ವ?"

"ಇದು ನೋಡೋದು ನಮಗೆ ಕಷ್ಟ ಅತ್ತೆ."

"ಮತ್ಯಾಕೆ ಬಂದೆ?"

"ನಿಮಗೆ ಬೇಕಾಗಿತ್ತಲ್ಲ."

ಅಂಕಯ್ಯನ ಕತ್ತಿ ಇದ್ದುದರಿಂದ ಶಿವನಂಜಮ್ಮ ತಲೆ ಎತ್ತಲಿಲ್ಲ. ಸೊಸೆಯ ಮಣಿಕಟ್ಟನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಳು. ಮೂರು ಸಾವಿರಕ್ಕೂ ಮೀರಿದ ಮೆಟ್ಟಿಲು ಹತ್ತಿ ಮುಡಿ ಒಪ್ಪಿಸಿ, ಕಾಯಿ ಒಡೆಸಿ, ಇಳಿಯುವ ಹೊತ್ತಿಗೆ ಬಿಸಿಲು ಬಲಿತಿತ್ತು.

ಹಿಂದಿರುಗುವಾಗ ಹಿತ್ತಲ ದಾರಿಯಿಂದ ಹೋಗೋಣವೇ ಎಂದು ಸಿಮ್ರತ್ ಕೇಳಿದಳು. ಶಿವನಂಜಮ್ಮ ದೊಡ್ಡ ಬೀದಿಗೇ ತಿರುಗಿದಳು. ಹಣೆಯ ಮೇಲೆ ಎಂದಿಗಿಂತ ದೊಡ್ಡ ಕುಂಕುಮ, ಸೆರಗು ಹೆಗಲ ಮೇಲೆ, ತಲೆ ಬರಿದು. ಅಂಗಡಿಯ ಮುಂದೆ ಕೂತಿದ್ದ ಪುಟ್ಟಮಲ್ಲಮ್ಮ ಗಾಬರಿಯಾಗಿ ಎದ್ದಳು.

"ಅಯ್ಯೋ ನಂಜವ್ವ, ಸ್ವಾಮ್ಯೋರು ಯಾವಾಗ..."

"ಉಪ್ಪಿಟ್ಟು ತಿಂದು ಜಗಲಿ ಮೇಲೆ ಕೂತವ್ರೆ. ಕೂದ್ಲು ನಂದು, ಹರಕೆ ನಂದು. ನಿಂಗೇನಾರಾ ಬೇಕಿತ್ತಾ?"

ಪುಟ್ಟಮಲ್ಲಮ್ಮ ಕೂತಳು. ಬೀದಿಯ ಕೊನೆಯವರೆಗೂ ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಅತ್ತೆ ಸೊಸೆ ಹೆಜ್ಜೆ ಬೇಗ ಹಾಕಲಿಲ್ಲ.

ನೀಲಕಂಠಸ್ವಾಮಿ ಜಗಲಿಯ ಮೇಲೆಯೇ ಇದ್ದ. ಹೆಂಡತಿಯನ್ನು ನೋಡಿ ಮುಖ ತಿರುಗಿಸಿದ, ಮತ್ತೆ ನೋಡಿದ.

"ಸೆರಗಾದ್ರೂ ಹೊದ್ಕೊ. ಜನ ನೋಡ್ತಾರೆ."

"ನೋಡ್ಲಿ ಬುಡಿ. ಪ್ರಸಾದ ತಕ್ಕಳಿ."

ಅವನು ಕೈ ಚಾಚಿದ. ಒಳಗಿಂದ ಓಡಿಬಂದ ಚಿನ್ನು ಅಜ್ಜಿಯ ಬೋಳುತಲೆ ನೋಡಿ ನಿಂತಿತು. ಹತ್ತಿರ ಬಂದು ಎರಡೂ ಅಂಗೈ ಅದರ ಮೇಲಿಟ್ಟಿತು.

"ನೋವಾಯ್ತಾ ಅಜ್ಜಿ?"

"ಇಲ್ಲ ಕಣ್ ಮಗ. ನಂದಲ್ವಾ."

ಬೀದಿಯಲ್ಲಿ ಇನ್ನೂ ನಾಲ್ಕಾರು ಜನ ನಿಂತಿದ್ದರು. ಶಿವನಂಜಮ್ಮ ಒಳಗಿನಿಂದ ಬಾಚಣಿಗೆ ತರಿಸಿದಳು. ಅವರಿಗೆಲ್ಲ ಕಾಣುವ ಹಾಗೆ ಜಗಲಿಯ ಅಂಚಿಗೆ ಕೂತು, ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು, ಅವಳ ಉದ್ದ ಕೂದಲನ್ನು ಬಾಚಿ ಜಡೆ ಹೆಣೆಯತೊಡಗಿದಳು.